ಮೆಣಸಿನಕಾಯಿ ಗೋದಾಮಿನಲ್ಲಿ ಕಲ್ಲಿಗೆ ದರ್ಜೆ ಕಟ್ಟಿದ್ದು

ಬ್ಯಾಡಗಿ ಮಾರ್ಕೆಟ್ ಯಾರ್ಡಿನಲ್ಲಿ ಅಂಗಡಿ ಇಟ್ಟವನು ತಮಾಷೆ ನೋಡಲು ಟಿಕೀಟು ತೆಗೆಯಬೇಕಾಗಿಲ್ಲ. ಅದು ತಾನೇ ಚೀಲದಲ್ಲಿ ಕೂತು, ಹಮಾಲನ ಬೆನ್ನೇರಿ, ನಮ್ಮ ಬಾಗಿಲಿಗೆ ಬಂದು ಇಳಿಯುತ್ತದೆ. ಬಂದ ಹೊತ್ತಿನಲ್ಲಿ ಮಾತ್ರ ನಗು ಬರುವುದಿಲ್ಲ, ಬೆವರು ಬರುತ್ತದೆ. ನಗು ಏನಿದ್ದರೂ ಬೆವರು ಆರಿದ ಮೇಲಿನ ಲಾಭ. ಇಲ್ಲಿ ಹೇಳಿದ್ದೆಲ್ಲ ನನ್ನ ಒಬ್ಬನೇ ಬಾಡಿಗೆದಾರನ ಕಾಲದಲ್ಲಿ ನಡೆದದ್ದು.

ಇಲಿ ತಿನ್ನದ ಮಾಲು

ನನ್ನದು ಮೆಣಸಿನಕಾಯಿ ದಲಾಲಿ ಅಂಗಡಿ. ಸ್ಟೇಶನ್ ಕಡೆಗೆ ಅಪ್ಪನ ಕಾಲದ ಒಂದು ಹಂಚಿನ ಗೋದಾಮು ಇದೆ. ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಒಂದು ಮುಂಜಾನೆ ಕನ್ನಡಕ ಹಾಕಿದ, ಮೂವತ್ತರ ಆಸುಪಾಸಿನ ಒಬ್ಬರು ಅಂಗಡಿಗೆ ಬಂದರು. ಬಂದವರು ಮೊದಲು ಸೀನಿದರು. ಬ್ಯಾಡಗಿಗೆ ಹೊಸದಾಗಿ ಬಂದವರು ನಮಸ್ಕಾರಕ್ಕಿಂತ ಮೊದಲು ಅದನ್ನೇ ಮಾಡುತ್ತಾರೆ.

“ಗೋದಾಮು ಬಾಡಿಗೆಗೆ ಇದೆಯಂತೆ, ನಿಜವಾ ಸರ್?” ಎಂದರು. ಮಾತು ಮೈಸೂರು ಕಡೆಯದು.

“ಐತಿ, ಕುಂದ್ರಿ. ಯಾವ ಮಾಲು? ಕಡ್ಡಿನೋ, ಡಬ್ಬಿನೋ?” ನಮ್ಮಲ್ಲಿ ಕಾಯಿಗೆ ಇರುವ ಜಾತಿ ಎರಡೇ. ಉದ್ದನೆಯದು ಕಡ್ಡಿ, ಗಿಡ್ಡನೆಯದು ಡಬ್ಬಿ.

“ಕಲ್ಲು ಸರ್.”

ನಾನು ಅವರ ಕೈ ನೋಡಿದೆ, ಕಾಲು ನೋಡಿದೆ. ಕುಡಿದವರ ಹಾಗೆ ಕಾಣಲಿಲ್ಲ. ಚಹಾ ತರಿಸಿ ಕೇಳಿದ ಮೇಲೆ ವಿಷಯ ಬಿಚ್ಚಿತು. ಅವರು ಕಲ್ಲಿನ ಪರೀಕ್ಷೆಯ ಸಾಹೇಬರು. ಮೇಡ್ಲೇರಿ ಹತ್ತಿರ ಹೊಳೆದಂಡೆಯ ಹೊಲವೊಂದರಲ್ಲಿ ಅವರ ಕಂಪನಿ ಆಳವಾದ ತೂತು ಕೊರೆಯಲಿದೆ. ಬಾಳೆದಿಂಡಿನಂಥ ಉರುಟಾದ ಕಲ್ಲಿನ ತುಂಡುಗಳು ಮೇಲೆ ಬರುತ್ತವೆ. ಕಪ್ಪಗೆ, ಪದರು ಪದರಾಗಿ ಇರುವ ಕಲ್ಲು. ಕೆಲವು ಸೀಮೆಗಳಲ್ಲಿ ಅಂಥ ಕಲ್ಲಿನ ಹೊಟ್ಟೆಯಲ್ಲಿ ಗ್ಯಾಸು ಸಿಕ್ಕಿಬಿದ್ದಿರುತ್ತದಂತೆ. ನಮ್ಮ ಕಲ್ಲಿನಲ್ಲಿ ಇದೆಯೇ, ಇದ್ದರೆ ತೆಗೆಯುವಷ್ಟಿದೆಯೇ ಎಂದು ನೋಡಿ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಎಂದು ಹೇಳುವುದು ಇವರ ಕೆಲಸ.

“ಏನೇನು ನೋಡಿ ದರ್ಜೆ ಕಟ್ತೀರಿ?” ಎಂದೆ. ಇದು ನನ್ನ ಧಂದೆಯ ಪ್ರಶ್ನೆ.

“ಮುಖ್ಯ ಅಂದ್ರೆ ಮೂರು ಸರ್. ಕಲ್ಲಲ್ಲಿ ಇಂಗಾಲ ಇರಬೇಕು, ಗ್ಯಾಸಿಗೆ ಅದೇ ಮೂಲ. ನೆಲದ ಬಿಸಿಗೆ ಅದು ಹದವಾಗಿ ಬೆಂದಿರಬೇಕು. ಹಸಿ ಇದ್ರೆ ಗ್ಯಾಸ್ ಹುಟ್ಟಿರಲ್ಲ, ಸೀದು ಹೋಗಿದ್ರೆ ಹುಟ್ಟಿದ್ದೂ ಯಾವಾಗಲೋ ಹೊರಟುಹೋಗಿರುತ್ತೆ. ಕೊನೇದು, ಕಲ್ಲು ಗರಿಗರಿಯಾಗಿ ಒಡೀಬೇಕು. ಮೆತ್ತಗಿದ್ರೆ ಗ್ಯಾಸ್ ಇದ್ರೂ ಬಿಟ್ಟುಕೊಡಲ್ಲ.”

“ಬಣ್ಣ, ಹದ, ಮುರಿತ. ನಾವೂ ಕಾಯಿಗೆ ಇದನ್ನ ನೋಡ್ತೇವಲ್ರಿ! ಹಂಗಾದ್ರ ನೀವೂ ನಮ್ಮ ಪೈಕಿನ.”

ಸಾಹೇಬರು ನಗಲಿಲ್ಲ. ಅವರಿಗೆ ನಗುವ ಸ್ಥಿತಿ ಇರಲಿಲ್ಲ. ಕಂಪನಿಯಲ್ಲಿ ಅವರದು ಇನ್ನೂ ಹಂಗಾಮಿ ಕೆಲಸ. ಮೇಡ್ಲೇರಿಯ ಕಲ್ಲಿಗೆ ಸರಿಯಾದ ದರ್ಜೆ ಹೇಳಿದರೆ ಕಾಯಂ, ತಪ್ಪಿದರೆ ಮನೆ. ಬೆಂಗಳೂರಿನ ಮುಖ್ಯ ಕಚೇರಿಯಿಂದ ಒಬ್ಬ ಹಿರಿಯ ಮೇಡಂ ಬಂದು ಕಲ್ಲು ತಿರುವಿ ನೋಡಿ ತೀರ್ಮಾನ ಮಾಡುವವರು. ಇದರ ಮೇಲೆ ನಿಶ್ಚಿತಾರ್ಥ ಬೇರೆ ಆಗಿತ್ತು, ಕಚೇರಿಗೆಲ್ಲ ಗೊತ್ತಿದ್ದ ಸಂಗತಿ. ಹುಡುಗಿಯ ಅಪ್ಪ ಒಂದೇ ಮಾತು ಹೇಳಿದ್ದರಂತೆ: “ಮೊದಲು ಕಾಯಂ, ಆಮೇಲೆ ಕಲ್ಯಾಣ.”

“ಒಂದೇ ಒಂದು ಕೋರಿಕೆ ಸರ್. ಪೆಟ್ಟಿಗೆಯೊಳಗೆ ತುಂಡುಗಳು ನೆಲದ ಆಳದ ಕ್ರಮದಲ್ಲಿರುತ್ತವೆ. ಅವನ್ನು ಯಾರೂ ಮುಟ್ಟಬಾರದು.”

“ಮುಟ್ಟಿ ಏನು ಮಾಡೋದೈತ್ರಿ? ನಿಮ್ಮ ಮಾಲಿಗೆ ಇಲಿ ಬೀಳ್ತಾವ?”

“ಇಲ್ಲ.”

“ಥಂಡಿಗೆ ಬೂಸು ಹಿಡೀತೈತಿ?”

“ಇಲ್ಲ.”

“ರೇಟು ಇಳೀತೈತಿ?”

“ರೇಟೇ ಇಲ್ಲ ಸರ್.”

ಇಂಥ ಮಾಲು ಇಡುವ ಬಾಡಿಗೆದಾರ ಸಿಗಲು ನಮ್ಮ ಹಿರಿಯರು ಯಾವುದೋ ಕೆರೆ ಕಟ್ಟಿಸಿರಬೇಕು. ತಕ್ಷಣ ಕೀಲಿ ಕೊಟ್ಟೆ. ಮೊದಲ ಪೆಟ್ಟಿಗೆಗಳು ಬಂದ ದಿನ ನನ್ನ ಮುಕಾದಮ, ಅಂದರೆ ಹಮಾಲರ ಹಿರಿಯ, ನಮ್ಮ ತಂದೆಯ ಕಾಲದಿಂದ ಇರುವ ಚಾಚಾ, ಒಂದನ್ನು ಇಳಿಸಿ, ಬೆವರು ಒರೆಸಿ, ಒಳಗೆ ಇಣುಕಿ ನೋಡಿದ. ನನ್ನನ್ನು ಬದಿಗೆ ಕರೆದ.

“ಸಾಹುಕಾರ್ರ, ಸಿಟ್ಟಾಗಬ್ಯಾಡ್ರಿ. ಇದನ್ನ ಕೊಂಡವ್ರು ಏನಕ ಹಾಕಿ ತಿಂತಾರ್ರಿ?”

ಮೇಡ್ಲೇರಿಯ ನೊರೆ

ಮೇಡ್ಲೇರಿಯ ಹೊಲದ ಮಾಲಕ ನನ್ನ ಹಳೇ ಗಿರಾಕಿ, ಅವನ ಕಾಯಿ ನನ್ನ ಅಂಗಡಿಗೇ ಬರುವುದು. ಕಂಪನಿ ಕೊರೆಯಲು ಶುರು ಮಾಡಿದಂದಿನಿಂದ ಅವನು ಬಿತ್ತುವ ಮಾತು ಬಿಟ್ಟು, ಗ್ಯಾಸಿನ ಮಾತೇ ಆಡತೊಡಗಿದ್ದ. “ಒಂದನೇ ದರ್ಜೆ ಬರ್ತೈತಲ್ರಿ ಸಾಹುಕಾರ್ರ?” ಎಂದು ದಿನವೂ ಮಿಸ್ಡ್ ಕಾಲ್. ನಾನು ತಿರುಗಿ ಮಾಡಬೇಕು. ಕೊನೆಗೆ ಫೋನಿಗಿಂತ ಡೀಸೆಲ್ ಅಗ್ಗ ಎಂದು ಸಾಹೇಬರ ಜೋಡಿ ಜೀಪಿನಲ್ಲಿ ನಾನೇ ಹೋದೆ.

ಹೋದ ದಿನವೇ ಆಗಬೇಕೇ? ಯಂತ್ರ ಗರ್ ಎಂದು ತಿರುಗುತ್ತಿದ್ದದ್ದು ಒಮ್ಮೆಲೇ ನಿಂತಿತು. ತೂತಿನ ಬಾಯಿಂದ ಗುಳುಗುಳು ಸಪ್ಪಳ. ಆಮೇಲೆ ಬೆಳ್ಳಗಿನ ನೊರೆ, ಒಲೆಯ ಮೇಲೆ ಹಾಲು ಉಕ್ಕಿದಂತೆ, ಉಕ್ಕಿ ಉಕ್ಕಿ ಹೊರಗೆ ಬಂತು. ನೋಡಲು ಕೂಡಿದ್ದ ಮಂದಿಯಲ್ಲಿ ಯಾರೋ ಕೂಗಿದ: “ಗ್ಯಾಸ್ ಬಂತೋ! ಬೀಡಿ ಆರಸ್ರೋ!”

ಬೀಡಿ ಬಾಯಲ್ಲಿದ್ದವರು ಅದನ್ನು ಆರಿಸಲಿಲ್ಲ, ಬಿಸಾಕಿದರು. ಬಿಸಾಕಿದ್ದು ಒಣಗಿದ ಕಬ್ಬಿನ ರವದಿಯ ಮೇಲೆ. ಅದನ್ನು ತುಳಿಯಲು ನಾಲ್ಕಾರು ಜನ ಕುಣಿದರು, ಉಳಿದವರು ಹೊಳೆಯ ಕಡೆ ಓಡಿದರು. ಸಾಹೇಬರು ಮಾತ್ರ ಗ್ಯಾಸು ಅಳೆಯುವ ಒಂದು ಸಣ್ಣ ಯಂತ್ರ ಹಿಡಿದು ತೂತಿನ ಹತ್ತಿರ ಹೊಟ್ಟೆಯ ಮೇಲೆ ಮಲಗಿಬಿಟ್ಟರು. ನನಗೆ ಅವರ ಚಿಂತೆ ಇತ್ತು. ಆದರೆ ಚಿಂತೆಯನ್ನು ಜೀಪಿನ ಹಿಂದೆ ನಿಂತೂ ಮಾಡಬಹುದು.

ಹೊಲದ ಬದಿಗೆ ಮಾಲಕನ ಮನೆ. ಅವನ ಮುದುಕಿ ತಾಯಿ ಅಂಗಳದಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಮಾಲಕ ಅಲ್ಲಿಗೆ ಓಡಿದ.

“ಯವ್ವಾ! ಒಲಿ ಆರಸ! ಲಗೂ!”

“ಯಾಕಲೇ?”

“ನೆಲದಾಗಿಂದ ಗ್ಯಾಸ್ ಎದ್ದೈತಿ! ಕಿಡಿ ತಾಗಿದ್ರ ಊರಿಗೆ ಊರ ಹಾರಿಹೋಗ್ತೈತಿ!”

“ಹಾರ್ಲಿ. ಹಿಟ್ಟು ನಾದೇನಿ. ಇಷ್ಟು ಬಡದು ಬರ್ತೇನಿ ತಡಿ.”

“ಯವ್ವಾ, ಸಾಯ್ತೇವಬೇ!”

“ಉಪಾಸ ಯಾಕ ಸಾಯ್ತಿ? ಬಿಸಿ ಐತಿ, ಒಂದು ತಿನ್ನು.”

ಅವನು ಒಲೆಗೆ ನೀರು ಸುರಿಯಲು ಕೊಡ ಎತ್ತಿದ, ಮುದುಕಿ ಕೊಡದ ಕಂಠ ಹಿಡಿದಳು. ತಾಯಿ ಮಗ ಜಗ್ಗಾಡುತ್ತಿರುವಾಗಲೇ ಸಾಹೇಬರು ಎದ್ದು ನಿಂತರು. ಅಂಗಿಯ ತುಂಬ ನೊರೆ. ಮುಖ ಕಪ್ಪಗಾಗಿತ್ತು. ಕೊರೆಯುವ ಯಂತ್ರದ ಕೆಲಸಗಾರನ ಕಡೆ ತಿರುಗಿ ಕೇಳಿದರು: “ನೀರಿಗೆ ಎಷ್ಟು ಸೋಪಿನ ಪುಡಿ ಹಾಕಿದ್ರಿ?”

ಒಳಗಿನ ಕಲ್ಲಿನ ಹುಡಿ ಸಲೀಸಾಗಿ ಮೇಲೆ ಬರಲೆಂದು ನೀರಿಗೆ ಸೋಪು ಕಲಸಿ ಬಿಡುವುದು ಅವರ ರೂಢಿಯಂತೆ. ಅಂದು ಡಬ್ಬಿ ಕೈಜಾರಿ ಇಡಿಯಾಗಿ ಬಿದ್ದಿತ್ತು.

ಹೊಳೆಗೆ ಓಡಿದವರು ಕಾಲು ತೊಳೆಯಲು ಹೋಗಿದ್ದವರಂತೆ ಒಬ್ಬೊಬ್ಬರೇ ತಿರುಗಿ ಬಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟರಲ್ಲಿ ಮುದುಕಿ ಒಂದು ಗಂಟು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

“ಸಬಕಾರದ ನೀರಂತಲ್ಲೋ ಯಪ್ಪಾ? ಸುಮ್ನ ಚೆಲ್ಲಬ್ಯಾಡ್ರಿ, ತಡೀರಿ. ಎರಡು ಸೀರಿ, ಒಂದು ಕೌದಿ ಅದಾವ.”

ಖಾನಾವಳಿಯ ಮರ್ಯಾದೆ

ರಾಣೆಬೆನ್ನೂರಿಗೆ ಕೆಲಸಕ್ಕೆ ಹೋದಾಗ ನಾನೂ ಸಾಹೇಬರೂ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆವು. ಮಧ್ಯಾಹ್ನದ ತುಂಬಿದ ಪಂಕ್ತಿ. ಖಾನಾವಳಿಯ ಮಾಲಕ ದುಡ್ಡಿನ ಗಲ್ಲೆಯ ಮೇಲೆ ಕೂತು ಎಲ್ಲರ ತಾಟಿನ ಮೇಲೂ ಕಣ್ಣಿಟ್ಟಿದ್ದ. ದೊಡ್ಡ ಮೀಸೆ, ಸಣ್ಣ ತಾಳ್ಮೆ.

ಸಾಹೇಬರಿಗೆ ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ. ತೂತಿನ ಆಳದಿಂದ ಬಂದ ಕಲ್ಲಿನ ಬಗ್ಗೆ ಒಂದು ಅನುಮಾನ. ನುಣ್ಣಗಿನ ಕೆಸರು ಗಟ್ಟಿಯಾಗಿ ಆದ ಕಲ್ಲೋ, ಉಸುಕು ಕೂಡಿದ್ದೋ? ಅದನ್ನು ತಿಳಿಯಲು ಅವರ ವಿದ್ಯೆಯಲ್ಲಿ ಒಂದು ಹಳೆಯ ದಾರಿ ಇದೆ. ಚೂರನ್ನು ಮುಂಬಲ್ಲಿನಲ್ಲಿ ಕಡಿದು ನೋಡುವುದು. ಕರಕರ ಎಂದರೆ ಉಸುಕು, ಬೆಣ್ಣೆಯಂತೆ ಜಾರಿದರೆ ಕೆಸರು. ನಾನು ಎಣ್ಣೆಗಾಯಿಗೆ ಕೈ ಹಾಕಿದ್ದೆ. ಅವರು ಕಿಸೆಯಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿದ್ದು ನನಗೆ ಕಾಣಲಿಲ್ಲ. ಸಪ್ಪಳ ಮಾತ್ರ ಕೇಳಿತು.

ಕರ್!

ಪಂಕ್ತಿ ನಿಂತಿತು. ಎದುರಿನವನು ತುತ್ತು ಕೆಳಗಿಟ್ಟ. ಸಾಹೇಬರು ಕಣ್ಣು ಮುಚ್ಚಿ, ನಿಧಾನವಾಗಿ, ರುಚಿ ನೋಡುವವರಂತೆ ಇನ್ನೊಮ್ಮೆ ಕಡಿದರು. ಕರ್ ಕರ್! ಆಮೇಲೆ ಕಪ್ಪು ಚೂರನ್ನು ಅಂಗೈ ಮೇಲೆ ಉಗುಳಿ ಬೆಳಕಿಗೆ ಹಿಡಿದು ನೋಡತೊಡಗಿದರು.

ಮಾಲಕ ಗಲ್ಲೆಯಿಂದ ಇಳಿದ. “ಏನ್ರಿ ಅದು?”

“ಕಲ್ಲು,” ಎಂದರು ಸಾಹೇಬರು, ಇನ್ನೂ ಚೂರನ್ನೇ ನೋಡುತ್ತ.

“ನನ್ನ ಅನ್ನದಾಗ?”

“ಇಷ್ಟು ಒಳ್ಳೆ ತುಣುಕು ಸಿಕ್ಕೋದು ಕಷ್ಟ.”

ಮಾಲಕನ ಮೀಸೆ ಅದುರಿತು. “ನಮ್ಮಪ್ಪನ ಕಾಲದಿಂದ ಇಲ್ಲಿ ಅಕ್ಕಿ ಆರಸಾಕ ಮೂರು ಮಂದಿ ಹೆಣ್ಮಕ್ಕಳನ್ನ ಇಟ್ಟೇವಿ! ಪಂಕ್ತಿ ತುಂಬಿದಾಗ ಕಲ್ಲು ತೋರಸ್ತಿ ಏನಲೇ? ಯಾವ ಖಾನಾವಳಿಯವ್ರು ಕಳಸ್ಯಾರ ನಿನ್ನ? ಎದುರಿನವ್ರ?” ಸೌಟು ಹಿಡಿದ ಇಬ್ಬರು ಒಳಗಿನಿಂದ ಬಂದು ಅವನ ಹಿಂದೆ ನಿಂತರು. ಬಾಗಿಲಿನ ಹತ್ತಿರ ಯಾರೋ ಚಿಲಕ ಹಾಕಿದ ಸಪ್ಪಳ.

ಈಗ ಸಾಹೇಬರಿಗೆ ಎಚ್ಚರವಾಯಿತು. “ಅಯ್ಯೋ, ಇದು ನಿಮ್ಮ ಕಲ್ಲಲ್ಲ! ನನ್ನದೇ! ಕಿಸೆಯಲ್ಲಿ ತಂದದ್ದು!” ಎಂದು ಕಿಸೆಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದರು. ಒಂದು ಹಿಡಿ ಕಪ್ಪು ಕಲ್ಲು, ಒಂದು ಭೂತಗನ್ನಡಿ, ಒಂದು ಸಣ್ಣ ಸುತ್ತಿಗೆ.

ಸುತ್ತಿಗೆ ನೋಡಿ ಸೌಟಿನವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಎದ್ದು, ಕೈ ಮುಗಿದು, ಮೇಡ್ಲೇರಿ, ತೂತು, ಗ್ಯಾಸು, ದರ್ಜೆ ಎಲ್ಲ ಹೇಳಿದೆ. ಮಾಲಕ ಪೂರಾ ಕೇಳಿದ. ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದ. ಸಿಟ್ಟು ಇಳಿದು ಅವನ ಮುಖದಲ್ಲಿ ದುಃಖ ಬಂತು.

“ಅಲ್ರಿ ಸರ, ಹಸಿವಿ ಆಗಿದ್ರ ಬಾಯಿ ಬಿಟ್ಟು ಕೇಳಬಾರದ? ಏ, ಇವ್ರಿಗೆ ಇನ್ನೆರಡು ರೊಟ್ಟಿ ಹಾಕ್ರಲೇ.”

ಹಾವೇರಿಯವನ ಗುಳ್ಳೆ

ಸಾಹೇಬರು ದಿನವೂ ಕಲ್ಲು ನೋಡಿ, ಕಡಿದು, ಒಡೆದು, ಕೊನೆಗೆ ಕಚೇರಿಗೆ ತಮ್ಮ ಅಭಿಪ್ರಾಯ ಕಳಿಸಿದರು. ಮೂರನೇ ದರ್ಜೆ. ಇಂಗಾಲ ಇದೆ, ಆದರೆ ನಮ್ಮ ಕಡೆಯ ಕಲ್ಲು ಬಹಳ ಹಳೆಯದು, ನೆಲದ ಬಿಸಿಗೆ ಸೀದು ಹೋಗಿದೆ, ಗ್ಯಾಸು ಎಂದೋ ಹಾರಿಹೋಗಿದೆ. ನಾನು ಹೇಳಿದೆ: “ಸಾಹೇಬ್ರ, ನಮ್ಮ ಯಾರ್ಡಿನಾಗ ಮಾಲು ಮೂರನೇ ದರ್ಜೆ ಅಂತ ಮೊದಲ ದಿನಾನ ಯಾರೂ ಹೇಳೂದಿಲ್ಲ. ಎರಡನೇದು ಅಂತ ಶುರು ಮಾಡಿ ಕೆಳಗ ಇಳೀರಿ.”

“ಸೀದಿರೋದನ್ನ ಸೀದಿದೆ ಅಂತಾನೇ ಹೇಳಬೇಕು ಸರ್,” ಎಂದರು. ವ್ಯಾಪಾರಕ್ಕೆ ಬಾರದ ಮನುಷ್ಯ.

ಆದರೆ ಊರಿಗೆ ದರ್ಜೆಯ ಹುಚ್ಚು ಹತ್ತಿತ್ತು. ಕಲ್ಲು ಹಿಡಿದುಕೊಂಡು ಜನ ನನ್ನ ಅಂಗಡಿಗೆ ಬರತೊಡಗಿದರು. ಹೊಸರಿತ್ತಿಯವನೊಬ್ಬ ಮನೆಯ ಒರಳಿನ ಚಕ್ಕೆಯನ್ನೇ ಎಬ್ಬಿಸಿ ತಂದಿದ್ದ. ಅವನ ಹೆಂಡತಿ ಮುಂದಿನ ಬಸ್ಸಿಗೇ ಬಂದು ಅದನ್ನೂ ಅವನನ್ನೂ ವಾಪಸು ಕರೆದುಕೊಂಡು ಹೋದಳು.

ಇವರಲ್ಲಿ ಹಾವೇರಿಯ ಪ್ಲಾಟು ಮಾರುವ ದಲಾಲಿಯೊಬ್ಬ ಬಂದ. ಕೈಯಲ್ಲಿ ಬೂದು ಬಣ್ಣದ ಹಾಸುಗಲ್ಲಿನ ಚೂರು. ಸಾಹೇಬರು ಬೇಡ ಬೇಡ ಎಂದರೂ ಬಿಡಲಿಲ್ಲ. ಅವನನ್ನು ಸಾಗಹಾಕಲೆಂದು ಅವರು ಶೀಸೆ ತೆಗೆದು ಕಲ್ಲಿನ ಮೇಲೆ ಒಂದು ಹನಿ ಆಮ್ಲ ಬಿಟ್ಟರು. ಜುಸ್ ಎಂದು ಗುಳ್ಳೆ ಎದ್ದವು.

ದಲಾಲಿ ಕುರ್ಚಿ ಬಿಟ್ಟು ನೆಗೆದ. “ಬಂತು! ಗ್ಯಾಸ್ ಬಂತು!”

“ಅಲ್ಲ, ಇದು ಸುಣ್ಣದ ಕಲ್ಲು. ಆಮ್ಲ ಬಿದ್ರೆ ಹೀಗೇ…”

“ಗುಳ್ಳ್ಯಾಗ ಏನಿರ್ತೈತ್ರಿ?”

“ಗ್ಯಾಸೇ. ಆದ್ರೆ ಅದು ಬೇರೆ ಗ್ಯಾಸು, ಉರಿಯೋದಲ್ಲ…”

“ಗ್ಯಾಸ್ ಅಂದ್ರೋ ಇಲ್ಲೋ? ಸಾಹುಕಾರ್ರ, ನೀವು ಸಾಕ್ಷಿ! ಆದ್ರ ಗೀದ್ರ ಬ್ಯಾಡ!” ಎಂದವನೇ ಮೋಟರ್ ಸೈಕಲ್ ಒದ್ದು ಹೋದ. ಸಂಜೆಯೊಳಗೆ ಹಾವೇರಿಯ ಚಹಾದಂಗಡಿಗಳಲ್ಲಿ ಸುದ್ದಿ: ಕಂಪನಿಯ ಸಾಹೇಬರೇ ಕಲ್ಲಿನಿಂದ ಗ್ಯಾಸು ತೆಗೆದು ತೋರಿಸಿದರು, ಒಂದನೇ ದರ್ಜೆ ಎಂದರು. ಅಲ್ಲಿಂದ ಅದು ಬೆಂಗಳೂರಿಗೆ ಹೋಗಲು ಎಷ್ಟು ಹೊತ್ತು? ಮೇಡಂ ಅವರ ಫೋನು ಬಂತು. ಸಾಹೇಬರು ನಿಂತುಕೊಂಡು ಕೇಳಿದರು, ಕೂತುಕೊಂಡು ಮುಗಿಸಿದರು.

“ಏನಂದ್ರು?” ಎಂದೆ.

“‘ಇಲ್ಲಿಗೆ ಮೂರನೇ ದರ್ಜೆ ಅಂತ ಬರೀತೀರಿ, ಅಲ್ಲಿ ಒಂದನೇ ದರ್ಜೆ ಅಂತ ಹೇಳ್ತೀರಿ. ನಾಳೆ ನಾನೇ ಬರ್ತೀನಿ. ನೀವು ಬರೆದದ್ದು ತಪ್ಪಿದ್ರೆ ನನ್ನ ಜೊತೆಗೇ ಟಿಕೀಟು ತೆಗೆಸಿ’ ಅಂದ್ರು.”

ಆಮೇಲೆ ವಿಚಾರಿಸಿದಾಗ ತಿಳಿಯಿತು, ಆ ದಲಾಲಿ ತಂದಿದ್ದು ಯಾವ ಹೊಲದ ಕಲ್ಲೂ ಅಲ್ಲ, ಅವನ ಮಾವನ ಮನೆಯ ಬಚ್ಚಲಿನ ಹಾಸುಗಲ್ಲು. ಆ ಮಾವ ಮರುದಿನ ಬಚ್ಚಲಿಗೆ ಬೀಗ ಹಾಕಿ, ಮಂದಿಯನ್ನೆಲ್ಲ ಕೆರೆಗೆ ಕಳಿಸಿದನಂತೆ.

ಚಾಚಾನ ಮಾಲು

ಮೇಡಂ ಮುಂಜಾನೆಯ ಗಾಡಿಗೆ ಹಾವೇರಿಗೆ ಬರುವವರಿದ್ದರು. ಸಾಹೇಬರೂ ನಾನೂ ಕರೆತರಲು ಹೊರಟೆವು. ಹೊರಡುವಾಗ ಸಾಹೇಬರು ಮುಕಾದಮನಿಗೆ ಒಂದೇ ಮಾತು ಹೇಳಿದರು: “ಚಾಚಾ, ಮೇಡಂ ಬಂದು ದರ್ಜೆ ನೋಡ್ತಾರೆ. ಗೋದಾಮು ಸ್ವಲ್ಪ ಗುಡಿಸಿಡಿ.”

ಮೇಡಂ ಐವತ್ತು ದಾಟಿದವರು, ಕತ್ತರಿಸಿದ ನರೆಗೂದಲು, ಕೈಯಲ್ಲಿ ಒಂದೇ ಚೀಲ. ಹಾವೇರಿಯಿಂದ ಬ್ಯಾಡಗಿಯವರೆಗೆ ಒಂದೇ ಒಂದು ಮಾತಾಡಿದರು: “ಪೆಟ್ಟಿಗೆಗಳು ಕ್ರಮವಾಗಿವೆ ತಾನೇ?” ಸಾಹೇಬರು ಹೌದು ಎಂದರು. ಆ ಹೊತ್ತಿಗೆ ಅದು ಸುಳ್ಳಾಗಿತ್ತೆಂದು ಪಾಪ ಅವರಿಗೇನು ಗೊತ್ತು.

ಗೋದಾಮಿನ ಮುಂದೆ ಮೇಡ್ಲೇರಿಯ ಮಾಲಕ ಹೊಸ ಟೋಪಿ ಹಾಕಿಕೊಂಡು ನಿಂತಿದ್ದ. ಹಾವೇರಿಯ ದಲಾಲಿ ಫೋನು ಕಿವಿಗೆ ಇಟ್ಟುಕೊಂಡೇ ನಿಂತಿದ್ದ. ಬಾಗಿಲಲ್ಲಿ ಚಾಚಾ, ಒಗೆದ ರುಮಾಲು ಸುತ್ತಿ, ಮಗಳ ಮದುವೆಯ ಯಜಮಾನನಂತೆ ಬರಮಾಡಿಕೊಂಡ.

ಒಳಗೆ ಹೋದೆವು. ಪೆಟ್ಟಿಗೆಗಳೆಲ್ಲ ಖಾಲಿ, ಗೋಡೆಗೆ ಒಟ್ಟಿದ್ದವು. ನಡುವೆ ತಾಡಪತ್ರಿ ಹಾಸಿ, ಅದರ ಮೇಲೆ ಇಡೀ ತೂತಿನ ಕಲ್ಲನ್ನು ಗುಡ್ಡೆ ಹಾಕಿದ್ದರು. ನಮ್ಮ ಯಾರ್ಡಿನಲ್ಲಿ ಕಾಯಿ ಸುರಿಯುವ ಹಾಗೆಯೇ. ಬೂದು ಬಣ್ಣದವು, ಒಡೆದವು ತಳಕ್ಕೆ. ಕಪ್ಪಗೆ ಮಿರಿಮಿರಿ ಹೊಳೆಯುವವು ಮೇಲೆ.

ಸಾಹೇಬರು ಹತ್ತಿರದಲ್ಲಿದ್ದ ತೂಕದ ಕಾಟಾದ ಮೇಲೆ ಕೂತುಬಿಟ್ಟರು. ಮುಳ್ಳು ಹೊಯ್ದಾಡಿ ನಿಂತಿತು. ನಾನು ಚಾಚಾನ ತೋಳು ಹಿಡಿದೆ. “ಏನು ಮಾಡೀಯೋ ಮಾರಾಯಾ?”

“ಗುಡಿಸೇನ್ರಿ,” ಎಂದ. “ಪೆಟ್ಟಿಗ್ಯಾಗ ಇಟ್ಟು ತೋರಿಸಿದ್ರ ಮಾಲಿನಾಗ ಏನೋ ಮುಚ್ಚಿಟ್ಟಾರ ಅಂತಾರ. ದರ್ಜೆ ಕಟ್ಟಾಕ ಬಂದವ್ರಿಗೆ ಸುರುವಿ ತೋರಸಬೇಕು. ಇಷ್ಟು ವರ್ಷ ಆತು, ನಿಮಗ ನಾ ಹೇಳಬೇಕ?”

ಮೇಡಂ ಒಂದು ತುಂಡು ಎತ್ತಿ ತಿರುವಿದರು. ಅದರ ಮೈಮೇಲೆ ಸಾಹೇಬರು ಬಿಳಿ ಬಣ್ಣದಲ್ಲಿ ಬರೆದ ಆಳದ ಅಂಕಿ ಇತ್ತು. “ಅಂಕಿ ಉಳಿದಿದೆ. ಮತ್ತೆ ಜೋಡಿಸಬಹುದು,” ಎಂದರು. ಸಾಹೇಬರಿಗೆ ಉಸಿರು ಬಂತು. “ಅದು ಆಮೇಲೆ. ಬಾಗಿಲು, ಕಿಟಕಿ ಎಲ್ಲ ಹಾಕಿ.”

ಚೀಲದಿಂದ ಒಂದು ದೀಪ ತೆಗೆದರು. ಅದರದು ನೇರಳೆ ಬೆಳಕು. ಕಲ್ಲಿನಲ್ಲಿ ಎಣ್ಣೆಯ ಅಂಶ ಇನ್ನೂ ಜೀವಂತ ಇದ್ದರೆ ಆ ಬೆಳಕಿಗೆ ಹೊಳೆಯುತ್ತದಂತೆ. ಅಂದರೆ ಕಲ್ಲು ಸೀದಿಲ್ಲ, ಗ್ಯಾಸಿನ ಆಸೆ ಇದೆ. ಸೀದ ಕಲ್ಲಾದರೆ ಕತ್ತಲೆ. ಸಾಹೇಬರು ಬರೆದದ್ದು ಸೀದಿದೆ ಎಂದು.

ಕತ್ತಲಾಯಿತು. ಯಾರೋ ಸೀನಿದರು. ಮೇಡಂ ದೀಪ ಹಚ್ಚಿದರು.

ಇಡೀ ಗುಡ್ಡೆ ಹೊಳೆಯಿತು. ಬೆಳದಿಂಗಳಲ್ಲಿ ಹೊಳೆಯ ನೀರು ಹೊಳೆದ ಹಾಗೆ, ತುದಿಯಿಂದ ಬದಿಯವರೆಗೆ ತಿಳಿ ನೀಲಿ. ಅಪ್ಪ ಕಟ್ಟಿಸಿದ ಗೋದಾಮಿನಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

“ಸಾಹುಕಾರ್ರ! ನಮ್ಮ ಹೊಲಾರಿ!” ಎಂದು ಮೇಡ್ಲೇರಿಯ ಮಾಲಕ ನನ್ನ ಕುತ್ತಿಗೆಗೆ ಬಿದ್ದ. ದಲಾಲಿ ಕತ್ತಲಲ್ಲೇ ಫೋನಿನಲ್ಲಿ ಪಿಸುಗುಟ್ಟತೊಡಗಿದ: “ಮೇಡ್ಲೇರಿ ಕಡೆ ಎಷ್ಟು ಹೊಲ ಸಿಗ್ತೈತೋ ಅಷ್ಟು ಹಿಡಿ. ಕೇಳಬ್ಯಾಡ, ಹಿಡಿ!”

ಮೇಡಂ ಧ್ವನಿ ಏರಿಸಲಿಲ್ಲ. “ನೀವು ಬರೆದದ್ದು ಮೂರನೇ ದರ್ಜೆ.”

“ಹೌದು ಮೇಡಂ,” ಸಾಹೇಬರು ಕಾಟಾದ ಮೇಲಿಂದ ಎದ್ದರು.

“ಮತ್ತೆ ಇದೇನು?”

“ಗೊತ್ತಿಲ್ಲ ಮೇಡಂ.”

“ಈಗ ಬದಲಾಯಿಸ್ತೀರಾ? ಇನ್ನೂ ಹೊತ್ತಿದೆ. ಒಂದನೇ ದರ್ಜೆ ಅಂತ ತಿದ್ದಿ ಕೊಟ್ಟರೆ ನಾನು ಸಹಿ ಹಾಕ್ತೀನಿ.”

ನಾನು ಕತ್ತಲಲ್ಲಿ ಅವರ ಅಂಗಿಯ ಚುಂಗು ಜಗ್ಗಿದೆ. ಹೂಂ ಅನ್ನಬಾರದೇ? ಕಾಯಂ, ಕಲ್ಯಾಣ, ನನ್ನ ಬಾಡಿಗೆ, ಮೂರೂ ಒಂದೇ ಶಬ್ದದಲ್ಲಿ ಕುಂತಿದ್ದವು. ಸಾಹೇಬರು ನನ್ನ ಕೈ ಬಿಡಿಸಿಕೊಂಡರು.

“ಇಲ್ಲ ಮೇಡಂ. ಯಾಕೆ ಹೊಳೀತಿದೆ ಅಂತ ನನಗೆ ಗೊತ್ತಿಲ್ಲ. ಆದ್ರೆ ಇದು ಹೊಳೆಯೋ ಕಲ್ಲಲ್ಲ. ಇದನ್ನ ನಾನು ದಿನಾ ಕಡಿದು ನೋಡಿದ್ದೀನಿ. ಇದು ಸೀದದ್ದು.”

ಮೇಡಂ ಹೊಳೆಯುವ ಒಂದು ತುಂಡನ್ನು ಎತ್ತಿದರು. ಅದು ಕೈಯಿಂದ ಜಾರಿ ದಪ್ಪನೆ ಕೆಳಗೆ ಬಿತ್ತು. ಇನ್ನೊಂದು ಎತ್ತಿದರು, ಅದೂ ಜಾರಿತು. ಬೆರಳಿಗೆ ಬೆರಳು ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಆ ವಾಸನೆ ಅಷ್ಟೊತ್ತಿಗೆ ನನ್ನ ಮೂಗಿಗೂ ಬಂದಿತ್ತು. ನಾನು ಸುಮ್ಮನಿದ್ದೆ; ಖರೀದಿದಾರನ ಎದುರು ಮಾಲಿನ ಗುಟ್ಟು ವ್ಯಾಪಾರಿ ತಾನಾಗಿ ಹ್ಯಾಗೆ ಹೇಳುತ್ತಾನೆ?

“ಇದಕ್ಕೆ ಏನು ಹಚ್ಚಿದ್ದೀರಿ?” ಎಂದರು ಮೇಡಂ.

ಚಾಚಾ ಮುಂದೆ ಬಂದ. ಕೇಳಲಿ ಎಂದೇ ಅವನು ಕಾಯುತ್ತಿದ್ದ. “ಕುಸುಬಿ ಎಣ್ಣಿರಿ, ಅಮ್ಮಾರ. ಘಾಣದ್ದು, ಖರೇ ಮಾಲು! ಅರಿವಿ ತೊಗೊಂಡು ಒಂದೊಂದ ತಿಕ್ಕೇವಿ. ಭಾಳ ಮಂಕಾಗಿದ್ವು, ಹೊಳಪು ಬರ್ಲಿ ಅಂತ.”

“ಎಲ್ಲದಕ್ಕೂ ಹಚ್ಚಿದಿರಾ?”

ಚಾಚಾ ತುಸು ನಾಚಿದ. “ಸುಳ್ಳು ಯಾಕ ಹೇಳೂದ್ರಿ? ಮ್ಯಾಲಿನವಕ್ಕ ಅಷ್ಟ. ತಳದಾಗಿಂದು ಯಾರು ನೋಡ್ತಾರ ಅಂತ ಬಿಟ್ಟೇವಿ.”

ಮೇಡಂ ಮಂಡಿಯೂರಿ ಕೂತು, ನಮ್ಮ ಯಾರ್ಡಿನ ಹಳೇ ಖರೀದಿದಾರರಂತೆ, ಗುಡ್ಡೆಯ ತಳಕ್ಕೆ ಕೈ ತೂರಿಸಿದರು. ಒಂದು ತುಂಡು, ಇನ್ನೊಂದು, ಮತ್ತೊಂದು ಎಳೆದು ನೇರಳೆ ಬೆಳಕಿಗೆ ಹಿಡಿದರು. ಎಲ್ಲ ಕತ್ತಲೆ. ಆರಿದ ಒಲೆಯ ಇದ್ದಿಲಿನ ಹಾಗೆ ಕತ್ತಲೆ.

ಮೇಡ್ಲೇರಿಯ ಮಾಲಕ ನನ್ನ ಕುತ್ತಿಗೆ ಬಿಟ್ಟ. ದಲಾಲಿ ಫೋನಿಗೆ ಕೂಗಿದ: “ಹಿಡೀಬ್ಯಾಡ! ಬಿಡು! ಏನು, ಹಿಡದಿಯಾ?”

ಬಾಗಿಲು ತೆಗೆಸಿದರು. ಬೆಳಕಿನಲ್ಲಿ ನೋಡಿದರೆ ಮೇಡಂ ಅವರ ಹುಬ್ಬಿನ ಮೇಲೆ ಎಣ್ಣೆ, ತುಟಿಯ ಅಂಚಿನಲ್ಲಿ ಮೊದಲ ಬಾರಿಗೆ ಒಂದು ನಗು. “ಮೂರನೇ ದರ್ಜೆ. ಸೀದದ್ದೇ. ನೀವು ಬರೆದದ್ದು ಸರಿ,” ಎಂದರು ಸಾಹೇಬರಿಗೆ. “ಎದುರಿಗೆ ಹೊಳೆಯೋದನ್ನ ಕಂಡೂ ಮಾತು ಬದಲಿಸಲಿಲ್ಲ. ಕಾಯಂ ಪತ್ರ ಬರುತ್ತೆ. ಮದುವೆ ಅಡುಗೆಗೆ ಮಾತ್ರ ಈ ಎಣ್ಣೆ ಬಳಸಬೇಡಿ, ಇದರಲ್ಲಿ ಕಲ್ಲು ಮಿಂದಿದೆ.”

ಸಾಹೇಬರು ಕಾಟಾದ ಮೇಲೆ ಮತ್ತೆ ಕೂತರು. ಈ ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೇಳಿದರೆ ಮೆಣಸಿನಕಾಯಿ ಘಾಟು ಎಂದರು.

ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಚಾಚಾ ಅಲ್ಲೇ ನಿಂತಿದ್ದ, ಮುಖ ಬಾಡಿತ್ತು. ಯಾರ ನೌಕರಿ ಉಳಿಯಿತು, ಯಾರ ಹೊಲದಲ್ಲಿ ಏನಿಲ್ಲ, ಇದೊಂದೂ ಅವನ ತಲೆಗೆ ಹೋಗಿರಲಿಲ್ಲ. ಅವನಿಗೆ ಕೇಳಿಸಿದ್ದು ಒಂದೇ: ತಾನು ಸುರುವಿ ಹದ ಮಾಡಿದ ಮಾಲು ಮೂರನೇ ದರ್ಜೆ. ನಮ್ಮ ಅಂಗಡಿಗೆ ಬಂದಂದಿನಿಂದ ಅವನ ಕೈಯ ಗುಡ್ಡೆಗೆ ಅಂಥ ಮಾತನ್ನು ಯಾರೂ ಅಂದಿರಲಿಲ್ಲ. ರುಮಾಲು ಸರಿಮಾಡಿಕೊಂಡು ಮೇಡಂ ಹತ್ತಿರ ಹೋದ. ಸುತ್ತಲೂ ನೋಡಿ, ಧ್ವನಿ ತಗ್ಗಿಸಿ, ವ್ಯಾಪಾರ ಕುದುರಿಸಲು ನಿಂತವನಂತೆ ಹೇಳಿದ:

“ಅಮ್ಮಾರ, ಅವಸರ ಮಾಡಿ ಬರೀಬ್ಯಾಡ್ರಿ. ಡಬ್ಬಿಯೊಳಗ ಇನ್ನೂ ಎಣ್ಣಿ ಐತಿ. ಸಂಜಿತನಕ ವ್ಯಾಳ್ಯಾ ಕೊಡ್ರಿ, ತಳದಾಗಿಂದೂ ಪೂರಾ ಒಂದನೇ ದರ್ಜೆ ಮಾಡಿಕೊಡ್ತೇನಿ.”